ಗುಡ್ಡೆಯ ಕಾಲುದಾರಿಗೆ ಸೈಕಲ್ ಬಂದಾಗ: ಕಾಸರಗೋಡಿನ ದಾರಿಗಳ ಹಿಂದಿನ ಕಥೆ

ಪೊಸಡಿಗುಂಪೆಯ ಬುಡದಲ್ಲಿ ರಜೆಯ ದಿನ ಬೆಳಗ್ಗೆ ಈಗ ದಪ್ಪ ಟಯರಿನ ಗೇರ್ ಸೈಕಲ್‌ಗಳು ಕಾಣುತ್ತವೆ. ಧರ್ಮತ್ತಡ್ಕದ ಹತ್ತಿರದ ಈ ಗುಡ್ಡೆ ಸಮುದ್ರಮಟ್ಟದಿಂದ ಸಾವಿರ ಅಡಿಗಿಂತ ಸ್ವಲ್ಪ ಜಾಸ್ತಿ ಎತ್ತರ. ಮೇಲೆ ನಿಂತರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟದ ಸಾಲು. ಗುಡ್ಡೆ, ಕಣಿವೆ, ಕಡಲು ಮೂರೂ ಇಷ್ಟು ಹತ್ತಿರ ಸಿಗುವ ಜಾಗ ಸವಾರರಿಗೆ ಹಿಡಿಸದೆ ಇರುತ್ತದಾ? ಹಾಗಾಗಿ ‘ಇಲ್ಲೊಂದು ಒಳ್ಳೆ ಟ್ರೇಲ್ (ಸೈಕಲ್ ಬಿಡುವ ಮಣ್ಣು ದಾರಿ) ಕಡಿಸಬೇಕು’ ಎನ್ನುವ ಮಾತು ಆಗಾಗ ಕೇಳುತ್ತದೆ.

ಕಡಿಸುವ ಅಗತ್ಯವೇ ಇಲ್ಲ ಎಂದು ನನಗನಿಸುತ್ತದೆ. ದಾರಿ ಇದೆ. ಮಂಜೇಶ್ವರದ ಕಡೆಯಿಂದ ಮುಳ್ಳೇರಿಯದ ಕಡೆಯವರೆಗೆ ಗುಡ್ಡೆ ಗುಡ್ಡೆಯಲ್ಲೂ ಇದೆ. ಆದರೆ ನಡೆಯುವವರಿಲ್ಲದೆ, ಕೇಳುವವರಿಲ್ಲದೆ ಅವು ಒಂದೊಂದಾಗಿ ಮುಚ್ಚಿಹೋಗುತ್ತಿವೆ. ಸೈಕಲ್ ಈ ದಾರಿಗಳನ್ನು ಉಳಿಸಬಹುದು. ಒಂದೇ ಮಳೆಗಾಲದಲ್ಲಿ ಕೆಡಿಸಲೂಬಹುದು.

ಇವನ್ನು ಯಾರೂ ನಕ್ಷೆ ಹಾಕಿ ಮಾಡಿದ್ದಲ್ಲ. ಮೇಯಲು ಹೋದ ದನ ಮಾಡಿದ್ದು, ಸೊಪ್ಪಿನ ಹೊರೆ ಹೊತ್ತವರು ಮಾಡಿದ್ದು, ಶಾಲೆಗೆ ಹೋಗುವ ಮಕ್ಕಳು ಮಾಡಿದ್ದು. ನಮ್ಮಲ್ಲಿ ಮನೆ, ತೋಟ, ಗದ್ದೆ ಎಲ್ಲ ತಗ್ಗಿನಲ್ಲಿ, ತೋಡಿನ ಬದಿಯಲ್ಲಿ. ಪಕ್ಕದ ಊರಿಗೆ ಹೋಗಬೇಕಾದರೆ ಒಂದು ಗುಡ್ಡೆ ಹತ್ತಿ ಇಳಿಯಲೇಬೇಕು. ಗುಡ್ಡೆಗೆ ಹೋಗುವ ಹಕ್ಕೂ ಇತ್ತು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕದೀಂ ವರ್ಗದ, ಅಂದರೆ ಹಳೆಯ ಹಿಡುವಳಿಯ, ಸಾಗುವಳಿ ಜಾಗದಿಂದ 100 ಗಜದೊಳಗಿನ ಸರ್ಕಾರಿ ಭೂಮಿ ಕುಮ್ಕಿ. ಅಲ್ಲಿ ಸೊಪ್ಪು, ಸೌದೆ, ಹುಲ್ಲು ತೆಗೆಯುವುದು ಆ ವರ್ಗದಾರನ ಸವಲತ್ತು. ಜಾಗ ಸರ್ಕಾರದ್ದು, ಬಳಕೆ ಊರಿನದ್ದು. 1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಾಗಲೂ ಗುಡ್ಡೆ ದಾರಿಗಳಿಗೆ ಏನೂ ಆಗಲಿಲ್ಲ. ಪೆರ್ಲದಿಂದ ಅಡ್ಯನಡ್ಕದ ಕಡೆಗೆ ನಡೆದು ಹೋಗುವವರಿಗೆ ಗಡಿ ಎಲ್ಲಿ ದಾಟಿತು ಎಂದೇ ತಿಳಿಯುತ್ತಿರಲಿಲ್ಲ. ರಾತ್ರಿ ಸೂಟೆಯ ಬೆಳಕು ಹಿಡಿದು ಯಕ್ಷಗಾನದ ಆಟಕ್ಕೆ ಹೋದದ್ದೂ ಇದೇ ದಾರಿಯಲ್ಲಿ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾಲಕ್ಕೆ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಎಷ್ಟೋ ಮನೆಯವರಿಗೆ ಹಳೆಯ ಗುಡ್ಡೆ ದಾರಿ ಮತ್ತೆ ನೆನಪಾಯಿತು.

ಅಂಥ ಒಂದು ದಾರಿಯನ್ನು ಹತ್ತಿರದಿಂದ ನೋಡಿ. ಅಡಿಕೆ ತೋಟದ ಬೇಲಿಯಲ್ಲಿ ಮೊದಲು ತಡಮೆ ಸಿಗುತ್ತದೆ. ಮನುಷ್ಯ ಹತ್ತಿ ದಾಟಬಹುದು, ದನ ದಾಟದು. ಆಚೆ ತೋಡು, ತೋಡಿಗೆ ಅಡಿಕೆ ಮರದ ಸಂಕ. ಅಲ್ಲಿಂದ ಓಣಿ. ಎರಡೂ ಬದಿ ಆಳೆತ್ತರದ ದರೆ, ಅದರ ಮೇಲೆ ಹಾವಸೆ, ಜರಿಗಿಡ. ಕಡಿದಾದ ಕಡೆ ಮುರಕಲ್ಲಿನಲ್ಲೇ, ಅಂದರೆ ಇಲ್ಲಿನ ಕೆಂಪು ಕಲ್ಲಿನಲ್ಲೇ, ಮೆಟ್ಟಿಲು ಕಡಿದಿರುತ್ತಾರೆ. ಮೆಟ್ಟಿಲಿನ ನಡುಭಾಗ ಸವೆದು ಪಾದದಷ್ಟು ಗುಳಿ ಬಿದ್ದಿರುತ್ತದೆ. ಓಣಿ ಮುಗಿಯುವಲ್ಲಿ, ಗುಡ್ಡೆಯ ಕಡೆಯಿಂದ ನೀರು ನುಗ್ಗುವ ಜಾಗದಲ್ಲಿ, ಒಂದು ಸಣ್ಣ ಅಡ್ಡ ಕಣಿ, ಅಂದರೆ ನೀರು ಹೊರಗೆ ಹೋಗುವ ಕಾಲುವೆ. ಮಳೆ ಹಿಡಿಯುವ ಮೊದಲು ಹಾರೆ ಹಿಡಿದು ಅದನ್ನು ಬಿಡಿಸುವುದು ಪಕ್ಕದ ಮನೆಯವರ ವಾಡಿಕೆ. ಬಿಡಿಸದಿದ್ದರೆ ನೀರು ಓಣಿಯಲ್ಲೇ ಇಳಿದು ತೋಟಕ್ಕೆ ಮಣ್ಣು ತುಂಬುತ್ತದೆ. ಈ ಕಣಿಯನ್ನು ನೆನಪಿಟ್ಟುಕೊಳ್ಳಿ. ಸೈಕಲ್ ದಾರಿಯ ವಿದ್ಯೆಯೆಲ್ಲ ಇದರಲ್ಲೇ ಇದೆ.

ಸೈಕಲ್ ಈ ಗುಡ್ಡೆಗಳಿಗೆ ಹೊಸತೂ ಅಲ್ಲ. ಹಿಂದಿನ ಕ್ಯಾರಿಯರಿಗೆ ಮೀನಿನ ಪೆಟ್ಟಿಗೆ ಕಟ್ಟಿ, ಪೋಂ ಪೋಂ ಎಂದು ಹಾರ್ನ್ ಒತ್ತುತ್ತಾ ಕಡಲ ಬದಿಯಿಂದ ಒಳನಾಡಿಗೆ ಬರುತ್ತಿದ್ದ ಮೀನು ಮಾರುವವರು ಎಷ್ಟು ಏರು ತಳ್ಳಿಲ್ಲ! ಗೇರ್ ಇಲ್ಲ, ಸಸ್ಪೆನ್ಷನ್ ಇಲ್ಲ. ಏರಿಗೆ ತಳ್ಳುವುದು, ಇಳಿತಕ್ಕೆ ಬ್ರೇಕ್ ಹಿಡಿದುಕೊಂಡು ಬಿಡುವುದು.

ಇಳಿತದ ಮೋಜಿಗೆಂದೇ ಸೈಕಲ್ ಬಿಡುವುದು ದೊಡ್ಡದಾಗಿ ಶುರುವಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅದೂ ಕಡಲ ಬದಿಯ ಗುಡ್ಡಗಳ ನಾಡು. ಸ್ಯಾನ್ ಫ್ರಾನ್ಸಿಸ್ಕೊದ ಉತ್ತರಕ್ಕಿರುವ ಮರೀನ್ ಕೌಂಟಿಯಲ್ಲಿ 1976ರ ಅಕ್ಟೋಬರ್‌ನಲ್ಲಿ ಕೆಲವು ಯುವಕರು ಹಳೆಯ ದಪ್ಪ ಟಯರಿನ ಸೈಕಲ್ ಹಿಡಿದು ಕಾಡಿನ ಮಣ್ಣು ರಸ್ತೆಯಲ್ಲಿ ರೇಸ್ ಇಟ್ಟರು. ಇಳಿತ ಸುಮಾರು 400 ಮೀಟರ್. ಕೆಳಗೆ ಮುಟ್ಟುವಷ್ಟರಲ್ಲಿ ಹಿಂದಿನ ಚಕ್ರದ ಹಬ್‌ನೊಳಗಿನ ಬ್ರೇಕಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗುತ್ತಿತ್ತು, ಪ್ರತಿ ಸಲ ಹೊಸದಾಗಿ ತುಂಬಬೇಕಿತ್ತು. ಹಾಗಾಗಿ ಆ ದಾರಿಗೆ ‘ರೀಪ್ಯಾಕ್’ ಎಂದೇ ಹೆಸರಾಯಿತು. ಮರುವರ್ಷ, 1977ರಲ್ಲಿ, ಜೋ ಬ್ರೀಜ್ ಎಂಬವರು ಇದಕ್ಕೆಂದೇ ಹೊಸ ಫ್ರೇಮ್ ಕಟ್ಟಿದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪೆನಿಯ ಸ್ಟಂಪ್‌ಜಂಪರ್ ಬಂದು ಮೌಂಟೇನ್ ಬೈಕ್ ಅಂಗಡಿಯಲ್ಲಿ ಸಿಗುವ ವಸ್ತುವಾಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೂ ಸೇರಿತು.

ಜಗಳವೂ ಜೊತೆಗೇ ಬೆಳೆಯಿತು. ಅಲ್ಲಿನ ಕಾಡುದಾರಿಗಳಲ್ಲಿ ಮೊದಲೇ ನಡೆಯುವವರು, ಕುದುರೆ ಸವಾರರು ಇದ್ದರು. ತಿರುವಿನಲ್ಲಿ ಸದ್ದಿಲ್ಲದೆ ಸೈಕಲ್ ನುಗ್ಗಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅಮೆರಿಕದ 1964ರ ವನ್ಯಪ್ರದೇಶ ಕಾಯಿದೆಯಲ್ಲಿ ಯಾಂತ್ರಿಕ ಸಾಗಾಟಕ್ಕೆ ನಿಷೇಧ ಇತ್ತು. 1984ರಲ್ಲಿ ಅಲ್ಲಿನ ಅರಣ್ಯ ಇಲಾಖೆ ಅದಕ್ಕೆ ಸೈಕಲನ್ನೂ ಸೇರಿಸಿತು. ಮೌಂಟೇನ್ ಬೈಕ್ ಹುಟ್ಟಿದ ಮರೀನ್ ಕೌಂಟಿಯ ಟಮಲ್‌ಪೈಸ್ ಬೆಟ್ಟದಲ್ಲೇ ಕಿರಿದಾದ ಕಾಲುದಾರಿಗಳು ಸೈಕಲಿಗೆ ಮುಚ್ಚಿದವು, ಅಗಲದ ಮಣ್ಣು ರಸ್ತೆಗಳಲ್ಲಿ ಗಂಟೆಗೆ 15 ಮೈಲಿಯ ಮಿತಿ ಬಂತು. 1988ರಲ್ಲಿ ಕ್ಯಾಲಿಫೋರ್ನಿಯಾದ ಸವಾರರ ಕ್ಲಬ್‌ಗಳು ಸೇರಿ ಅಂತರರಾಷ್ಟ್ರೀಯ ಮೌಂಟೇನ್ ಬೈಸಿಕಲ್ ಸಂಘ ಕಟ್ಟಿಕೊಂಡವು. ನಮಗೆ ಉಪಯೋಗಕ್ಕೆ ಬರುವುದು ಆ ಸಂಘ ಮಾಡಿದ ಕೆಲಸ. ವಾದ ಮಾಡುವುದರ ಜೊತೆಗೆ ಅವರು ಹಾರೆ, ಪಿಕ್ಕಾಸು ಹಿಡಿದು ದಾರಿ ರಿಪೇರಿಗೆ ಇಳಿದರು, ಒಳ್ಳೆ ದಾರಿ ಹೇಗಿರಬೇಕು ಎಂದು ಬರೆದಿಟ್ಟರು.

ಅವರ ಲೆಕ್ಕ ಸರಳ. ದಾರಿಯನ್ನು ಕೆಡಿಸುವುದು ಚಕ್ರಕ್ಕಿಂತ ನೀರು ಜಾಸ್ತಿ. ಗುಡ್ಡೆಯ ಮೇಲಿಂದ ಕೆಳಗೆ ನೇರ ಇಳಿಯುವ ದಾರಿ ಮಳೆಗೆ ತೋಡಾಗುತ್ತದೆ. ಅಡ್ಡವಾಗಿ ಸುತ್ತಿಕೊಂಡು ಹೋಗುವ ದಾರಿಯಲ್ಲಿ ನೀರು ಹೊರಬದಿಗೆ ಜಾರಿ ಹೋಗುತ್ತದೆ. ದಾರಿಯ ಏರು ಗುಡ್ಡೆಯ ಓರೆಯ ಅರ್ಧಕ್ಕಿಂತ ಜಾಸ್ತಿ ಇರಬಾರದು, ಒಟ್ಟಾರೆ ಸರಾಸರಿ ನೂರಕ್ಕೆ ಹತ್ತರ ಒಳಗಿದ್ದರೆ ಒಳ್ಳೆಯದು. ಅಲ್ಲಲ್ಲಿ ಇಳಿತವನ್ನು ಮುರಿದು ಸಣ್ಣ ಏರು ಕೊಟ್ಟರೆ ನೀರು ಅಲ್ಲೇ ಹೊರಗೆ ಹೋಗುತ್ತದೆ. ನಮ್ಮ ಓಣಿಯ ತಲೆಯ ಅಡ್ಡ ಕಣಿ ಮಾಡುವುದೂ ಇದನ್ನೇ ಅಲ್ವಾ? 1994ರಲ್ಲಿ ಮೊಂಟಾನಾದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಹೆಚ್ಚು ಮಣ್ಣು ಎಬ್ಬಿಸಿದ್ದು ಕುದುರೆಯ ಗೊರಸು, ಸೈಕಲ್ ಅಲ್ಲ. ಆದರೆ ಈ ಮಾತನ್ನು ಹಾಗೇ ಇಲ್ಲಿಗೆ ತಂದು ಧೈರ್ಯ ಮಾಡುವುದು ಸರಿಯಲ್ಲ. ಮೊಂಟಾನಾದ ಮಳೆ ಬೇರೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ.

ಮಣ್ಣೂ ಬೇರೆ. 1801ರಲ್ಲಿ ಮಲಬಾರಿನಿಂದ ಕೆನರಾ ಕಡೆಗೆ ಇದೇ ಕರಾವಳಿಯಲ್ಲಿ ಸಾಗಿದ ಈಸ್ಟ್ ಇಂಡಿಯಾ ಕಂಪೆನಿಯ ಸರ್ವೆಗಾರ ಫ್ರಾನ್ಸಿಸ್ ಬುಕನನ್ ನಮ್ಮ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು. ಮೇಲ್ಪದರ ಗಾಳಿಗೆ ಒಡ್ಡಿಕೊಂಡು ಗಟ್ಟಿಯಾಗುತ್ತದೆ. ಅದರ ಅಡಿಗೆ ಹೋದಂತೆ ಮೆತ್ತಗಿನ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಗಟ್ಟಿಯಾಗೇ ಕಾಣುತ್ತದೆ, ನೀರು ತಾಗಿದರೆ ಕರಗಿ ಹರಿಯುತ್ತದೆ. ಮೇಲಿನ ಟೊಪ್ಪಿ ಇರುವಷ್ಟು ದಿನ ಗುಡ್ಡೆಗೆ ಭಯವಿಲ್ಲ. ಟೊಪ್ಪಿ ಕಡಿದರೆ ಕಷ್ಟ. 2025ರ ಜುಲೈಯಲ್ಲಿ ಚೆರ್ವತ್ತೂರಿನ ವೀರಮಲೆಯ ಗುಡ್ಡ ಹೆದ್ದಾರಿ 66ಕ್ಕೆ ಕುಸಿದದ್ದನ್ನು ಎಲ್ಲರೂ ನೋಡಿದ್ದೇವೆ. ಸೈಕಲ್ ದಾರಿಗೆಂದು ಜೆಸಿಬಿ ತಂದು ಓರೆ ಕಡಿಸುವ ಯೋಚನೆ ಇದ್ದವರು ಮೊದಲು ಅಲ್ಲಿ ಹೋಗಿ ನೋಡಿ ಬರಬೇಕು.

ಗುಡ್ಡೆಯ ನೆತ್ತಿಯ ಪಾರೆಯ, ಅಂದರೆ ಮುರಕಲ್ಲಿನ ಬಯಲಿನ, ವಿಷಯ ಇನ್ನೂ ಸೂಕ್ಷ್ಮ. ಬೇಸಗೆಯಲ್ಲಿ ಕಪ್ಪಗೆ ಸುಟ್ಟಂತೆ ಕಾಣುವ ಈ ಬಯಲು ಜೂನ್ ಕಳೆದ ಮೇಲೆ ಬೇರೆಯೇ ಆಗುತ್ತದೆ. ಬೊಗಸೆ ನೀರು ಹಿಡಿಯುವ ಗುಳಿಯಿಂದ ಹಿಡಿದು ಸಣ್ಣ ಕೊಳದವರೆಗೆ ಎಲ್ಲೆಲ್ಲೂ ನೀರು. ಅಂಚಿನಲ್ಲಿ ಹುಳ ಹಿಡಿಯುವ ಸಣ್ಣ ನೀಲಿ ಹೂವಿನ ಗಿಡ, ಬಿಳಿ ಗುಂಡಿಯಂಥ ಹೂ ಬಿಡುವ ಹುಲ್ಲು. ಕಣ್ಣೂರು, ಕಾಸರಗೋಡಿನ ಇಂಥ ಪಾರೆಗಳಿಂದ ಸಸ್ಯಶಾಸ್ತ್ರಜ್ಞರು ಹೊಸ ಜಾತಿಯ ಗಿಡಗಳನ್ನೇ ಗುರುತಿಸಿದ್ದಾರೆ. ಅಲ್ಲಿರುವ ಮಣ್ಣು ಒಂದೆರಡು ಇಂಚು ಅಷ್ಟೆ. ಆ ನೀರೇ ನಿಧಾನ ಇಂಗಿ ನೀರಿಗೆಂದೇ ಗುಡ್ಡೆಯ ಬದಿಗೆ ಅಡ್ಡ ಕೊರೆದ ಕೆಳಗಿನ ಸುರಂಗಗಳಲ್ಲಿ ಒಸರುತ್ತದೆ. ಎಣ್ಮಕಜೆ, ಬದಿಯಡ್ಕ ಕಡೆಯ ಎಷ್ಟೋ ಮನೆಗಳಿಗೆ ಕುಡಿಯುವ ನೀರು ಅದೇ. ಮಳೆಗಾಲದಲ್ಲಿ ಪಾರೆಯ ಮೇಲೆ ಚಕ್ರ ಹೋಗಲೇಬಾರದು, ಜೀಪಂತೂ ಯಾವ ಕಾಲಕ್ಕೂ ಬೇಡ. ಇದರಲ್ಲಿ ರಾಜಿಗೆ ಜಾಗವಿಲ್ಲ.

ಹಾಗೆಂದು ದಾರಿ ಮುಚ್ಚಿಸುತ್ತಿರುವುದು ಸೈಕಲ್ ಅಲ್ಲ. ಕೆಲವು ಗುಡ್ಡೆಗಳು ಸರ್ಕಾರಿ ಗೇರು ತೋಟವಾದವು. 1970ರ ದಶಕದ ಕೊನೆಯಿಂದ 2000ದವರೆಗೆ ಅವುಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದದ್ದರ ನೋವು ಎಲ್ಲರಿಗೂ ಗೊತ್ತು. ಕೆಲವು ಗುಡ್ಡೆಗಳು ಕಲ್ಲಿನ ಕೋರೆಯಾದವು, ಕೆಲವು ಲೋಡುಗಟ್ಟಲೆ ಮಣ್ಣಾಗಿ ಟಿಪ್ಪರಿನಲ್ಲಿ ಹೋದವು. ಪೈವಳಿಕೆ, ಅಂಬಲತ್ತರದ ಪಾರೆಗಳಲ್ಲಿ ಸೋಲಾರ್ ಪಾರ್ಕ್ ಬಂತು. ಗ್ಯಾಸ್ ಬಂದ ಮೇಲೆ ಸೌದೆಗೆ ಹೋಗುವವರಿಲ್ಲ, ದನ ಸಾಕುವವರು ಕಡಿಮೆ, ಮಕ್ಕಳಿಗೆ ಶಾಲೆ ವ್ಯಾನ್. ಬಳಕೆ ನಿಂತ ದಾರಿಗೆ ಕಂಪೌಂಡು ಅಡ್ಡ ಬಂದರೆ ಕೇಳುವವರು ಯಾರು?

ಕಾನೂನು ಕೂಡ ಬಳಕೆಯನ್ನೇ ನೋಡುತ್ತದೆ. ಒಂದು ಜಮೀನಿನವರು ಇನ್ನೊಬ್ಬರ ಜಮೀನಿನ ಮೂಲಕ 20 ವರ್ಷ ಅಡ್ಡಿಯಿಲ್ಲದೆ, ರಾಜಾರೋಷವಾಗಿ, ಹಕ್ಕೆಂದೇ ನಡೆದಿದ್ದರೆ 1882ರ ಈಸ್‌ಮೆಂಟ್ ಕಾಯಿದೆ ಪ್ರಕಾರ ದಾರಿಯ ಹಕ್ಕು ಬರುತ್ತದೆ. ಸರ್ಕಾರಿ ಜಾಗವಾದರೆ 30 ವರ್ಷ. ಅದೇ ಕಾಯಿದೆಯ 47ನೇ ಕಲಮಿನಂತೆ 20 ವರ್ಷ ಸತತವಾಗಿ ಬಳಸದಿದ್ದರೆ ಆ ಹಕ್ಕು ಹೋಗುತ್ತದೆ. ಹೊರಗಿನಿಂದ ಸುಮ್ನೆ ಸೈಕಲ್ ಬಿಡಲು ಬಂದವನಿಗೆ ಈ ಹಕ್ಕು ಸಿಗುವುದಿಲ್ಲ, ಅದು ಆ ಜಮೀನಿನ ಜೊತೆಗಿರುವಂಥದ್ದು. ಹಾಗಾಗಿ ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಬರುವ ಸವಾರರು ಊರಿನವರನ್ನು ಬಿಟ್ಟು ಏನೂ ಮಾಡಲಾಗದು. ತಡಮೆಯ ಹತ್ತಿರ ಇಳಿದು ಸೈಕಲ್ ಹೆಗಲಿಗೇರಿಸಿ ದಾಟಬೇಕು. ‘ಅಣ್ಣಾ, ಈ ದಾರಿಯಲ್ಲಿ ಹೋಗಬಹುದಾ?’ ಎಂದು ಮೊದಲು ಕೇಳಬೇಕು. ಮೇ ಕೊನೆಗೆ ಆ ಅಡ್ಡ ಕಣಿ ಬಿಡಿಸುವಾಗ ಒಂದು ಹಾರೆ ಅವರದ್ದೂ ಇರಬೇಕು.

ಕೇರಳಕ್ಕೆ ಈ ಆಟ ಹೊಸತಲ್ಲ. 2023ರ ಅಕ್ಟೋಬರ್‌ನಲ್ಲಿ ತಿರುವನಂತಪುರದ ಪೊನ್ಮುಡಿಯಲ್ಲಿ ಏಷ್ಯನ್ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆಯಿತು. ವಯನಾಡಿನ ಚಹಾ ತೋಟದಲ್ಲೂ ರೇಸ್‌ಗಳಾಗಿವೆ. ಅಂಥ ದೊಡ್ಡ ಕೂಟ ಮುರಕಲ್ಲಿನ ಗುಡ್ಡೆಗೆ ಹೊಂದುವುದಿಲ್ಲ. ನವೆಂಬರ್‌ನಿಂದ ಮೇವರೆಗೆ, ಐದಾರು ಮಂದಿಯ ಸಣ್ಣ ಗುಂಪು, ಊರಿನ ಒಬ್ಬರು ದಾರಿ ತೋರಿಸಲು, ಊಟ ಯಾವುದಾದರೂ ಮನೆಯಲ್ಲಿ. ಇಷ್ಟಾದರೆ ಸಾಕು.

ಇದೆಲ್ಲಕ್ಕಿಂತ ಮೊದಲಿನ ಕೆಲಸ ಒಂದಿದೆ. 2022ರ ನವೆಂಬರ್ 1ರಿಂದ ಕೇರಳದಲ್ಲಿ ಡಿಜಿಟಲ್ ಭೂಸರ್ವೆ ನಡೆಯುತ್ತಿದೆ. ಗಡಿಕಲ್ಲುಗಳೆಲ್ಲ ಹೊಸ ನಕ್ಷೆಗೆ ಏರುತ್ತಿವೆ. ಸರ್ವೆಯವರು ಬಂದಾಗ ಜಾಗದವರು ತಮ್ಮ ಗಡಿ ತೋರಿಸುತ್ತಾರೆ. ಓಣಿ ಎಲ್ಲಿತ್ತು, ಸಂಕ ದಾಟಿ ಯಾವ ಕಡೆಗೆ ಹತ್ತುತ್ತಿತ್ತು ಎಂದು ತೋರಿಸಲು ಅದರಲ್ಲಿ ನಡೆದವರೇ ಬೇಕು. ಹಾಗೆ ನಡೆದವರಲ್ಲಿ ಹೆಚ್ಚಿನವರಿಗೆ ಈಗ ಎಪ್ಪತ್ತು ದಾಟಿದೆ. ನಿಮ್ಮ ವಾರ್ಡಿನಲ್ಲಿ ಸರ್ವೆ ಇನ್ನೂ ಮುಗಿದಿಲ್ಲವಾದರೆ ಅವರಲ್ಲೊಬ್ಬರನ್ನು ಕರೆದುಕೊಂಡು ಹೋಗಿ ದಾರಿ ತೋರಿಸಿ, ಪಂಚಾಯತಿಗೂ ಒಂದು ಅರ್ಜಿ ಕೊಡಿ.