ಮೊದಲು ಜಮೀನು, ಆಮೇಲೆ ಜನ

ರಜೆಗೆ ಊರಿಗೆ ಹೋದಾಗ ನನ್ನ ಕೆಲಸ ಏನು ಅಂತ ದೊಡ್ಡಪ್ಪನಿಗೆ ವಿವರಿಸಲು ಹೋಗಿ ಒದ್ದಾಡಿದ್ದೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಕೂತು ಅಲ್ಲಿನ ರೈತ ಮನೆತನಗಳ ಹಳೇ ಕಾಗದ ಹುಡುಕುತ್ತೇನೆ, ಮುತ್ತಜ್ಜ ಯಾರು, ಎಲ್ಲಿಂದ ಬಂದ, ಎಷ್ಟು ಮಕ್ಕಳು ಅಂತ ಬರೆದುಕೊಡುತ್ತೇನೆ, ಅದಕ್ಕೆ ದುಡ್ಡೂ ಕೊಡುತ್ತಾರೆ ಅಂದೆ. ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತಾ, "ಹಂಗಂದ್ರ ನೀ ಅಮೆರಿಕದ ಹೆಳವ ಅನ್ನು" ಅಂದರು.

ಸರಿಯಾಗೇ ಹೇಳಿದರು. ಹೆಳವರು ಎತ್ತಿನ ಮೇಲೆ ಬಂದು, ಮನೆ ಮುಂದೆ ನಿಂತು, ಆ ಮನೆತನದ ಹಿರೀಕರ ಹೆಸರನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಕಾಳು ಕಡಿ ತಗೊಂಡು ಹೋಗುತ್ತಿದ್ದರು. ನನಗೂ ಅವರಿಗೂ ಒಂದೇ ವ್ಯತ್ಯಾಸ. ಅವರು ಜನರಿಂದ ಶುರು ಮಾಡುತ್ತಾರೆ, ನಾನು ಜಮೀನಿನಿಂದ.

ಯಾಕೆ ಅಂದರೆ ಪ್ರೇರಿ ಅನ್ನುವ ಆ ಹುಲ್ಲುಬಯಲಿಗೆ ಜನ ಬಂದು ನೆಲೆ ನಿಂತ ಕಾಲದಲ್ಲಿ ಜನರ ಲೆಕ್ಕ ಇಡುವವರು ಇರಲಿಲ್ಲ. ನೆಬ್ರಾಸ್ಕಾದಲ್ಲಿ ರಾಜ್ಯಮಟ್ಟದ ಜನನ ನೋಂದಣಿ ಶುರುವಾಗಿದ್ದೇ 1904ರಲ್ಲಿ. ಎಷ್ಟೋ ಕಡೆ ಚರ್ಚ್ ಎದ್ದಿದ್ದು ಜನ ಬಂದ ಎಷ್ಟೋ ವರ್ಷದ ಮೇಲೆ. ಆದರೆ ಜಮೀನು ಕೊಟ್ಟಿದ್ದು ಸರ್ಕಾರ. ಕೊಟ್ಟಿದ್ದನ್ನು ಸರ್ಕಾರ ಬರೆದಿಡದೆ ಇರುತ್ತದೆಯೇ? ಮಗು ಹುಟ್ಟಿದ್ದನ್ನು ಬರೆದುಕೊಳ್ಳಲಿಲ್ಲ, ಬಾವಿ ತೋಡಿದ್ದನ್ನು ಬರೆದುಕೊಂಡಿತು.

1862ರ ಮೇ 20ರಂದು ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆ ಇದಕ್ಕೆಲ್ಲ ಮೂಲ. 21 ವರ್ಷ ತುಂಬಿರಬೇಕು, ಇಲ್ಲವೇ ಕುಟುಂಬದ ಯಜಮಾನ ಆಗಿರಬೇಕು. ದೇಶದ ಪ್ರಜೆಯಾಗಿರಬೇಕು, ಅಥವಾ ಪ್ರಜೆಯಾಗುತ್ತೇನೆ ಅಂತ ಬರೆದುಕೊಟ್ಟಿರಬೇಕು. ಅಂಥವರಿಗೆ 160 ಎಕರೆ. ಶುಲ್ಕ ಎಲ್ಲ ಸೇರಿ ಸುಮಾರು 18 ಡಾಲರ್. ಐದು ವರ್ಷ ಅಲ್ಲೇ ಮನೆ ಕಟ್ಟಿ, ಉಳುಮೆ ಮಾಡಿ ತೋರಿಸಿದರೆ ಹಕ್ಕುಪತ್ರ. ಮದುವೆಯಾಗದ ಹೆಣ್ಣುಮಕ್ಕಳು, ವಿಧವೆಯರು ಕೂಡ ಅರ್ಜಿ ಹಾಕಬಹುದಿತ್ತು, ಹಾಕಿದರು. ಈ ಕಾಯ್ದೆಯಲ್ಲಿ ಒಟ್ಟು ಸುಮಾರು 16 ಲಕ್ಷ ಜನರಿಗೆ 27 ಕೋಟಿ ಎಕರೆ ಹೋಯಿತು. ದೇಶದ ಹತ್ತನೇ ಒಂದು ಭಾಗ.

ಒಂದು ಕಡತ ಬಿಚ್ಚಿ ನೋಡೋಣ. ಗುಟ್ಟಿನದೇನಲ್ಲ, ಬಹಳ ಹೆಸರಾದ ಕಡತವೇ. ಡೇನಿಯಲ್ ಫ್ರೀಮನ್ ಅನ್ನುವವನದು. ಕಾಯ್ದೆ ಜಾರಿಯಾದ ಮೊದಲ ದಿನ, 1863ರ ಜನವರಿ 1ರಂದು, ನೆಬ್ರಾಸ್ಕಾದ ಬ್ರೌನ್‌ವಿಲ್ ಭೂ ಕಚೇರಿಯಲ್ಲಿ ಹಾಕಿದ ಅರ್ಜಿ. ನಂಬರ್ 1. ಬಿಯಾಟ್ರಿಸ್ ಊರಿನ ಹತ್ತಿರ, ಗೇಜ್ ಕೌಂಟಿಯಲ್ಲಿ ಜಮೀನು. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ನಡುರಾತ್ರಿ ಗುಮಾಸ್ತನನ್ನು ಒಪ್ಪಿಸಿ, ಕಚೇರಿ ಬಾಗಿಲು ತೆಗೆಸಿ ಅರ್ಜಿ ಹಾಕಿದ ಅನ್ನುವ ಕಥೆ ಇದೆ. ಕಥೆ ಚೆನ್ನಾಗಿದೆ, ನಾನೂ ಹೇಳುತ್ತೇನೆ. ಆದರೆ ವಂಶಾವಳಿಯಲ್ಲಿ ಬರೆಯುವಾಗ 'ಅಂತ ಹೇಳುತ್ತಾರೆ' ಅಂತ ಸೇರಿಸುತ್ತೇನೆ. ಅಂದು ಬೇರೆ ಕಚೇರಿಗಳಲ್ಲೂ ಅರ್ಜಿ ಬಿದ್ದಿದ್ದವು. ಒಂದೊಂದು ಕಚೇರಿಗೂ ಒಂದೊಂದು ನಂಬರ್ 1.

ಐದು ವರ್ಷ ಕಳೆದ ಮೇಲೆ, 1868ರ ಜನವರಿ 20ರಂದು, ಜೋಸೆಫ್ ಗ್ರಾಫ್ ಮತ್ತು ಸ್ಯಾಮ್ಯುಯೆಲ್ ಕಿಲ್‌ಪ್ಯಾಟ್ರಿಕ್ ಅನ್ನುವ ಇಬ್ಬರು ಪ್ರಮಾಣ ಮಾಡಿ ಸಾಕ್ಷಿ ಹೇಳಿದರು. ನಮ್ಮ ಪಂಚರು ಮಹಜರಿಗೆ ಸಹಿ ಹಾಕುವ ಹಾಗೆ. ಮನೆ 14 ಅಡಿಗೆ 20 ಅಡಿ. ಒಂದಿಷ್ಟು ದಿಮ್ಮಿ, ಒಂದಿಷ್ಟು ಹಲಗೆ. ಎರಡು ಬಾಗಿಲು, ಎರಡು ಕಿಟಕಿ, ಹಲಗೆಯ ನೆಲ. ವಾಸಕ್ಕೆ ಆರಾಮಾಗಿದೆ. ಉಳುಮೆ ಮಾಡಿದ್ದು ಸುಮಾರು 35 ಎಕರೆ. ಒಂದು ಲಾಯ, ಮೆಕ್ಕೆಜೋಳದ ಕಣಜ, 100 ಅಡಿ ಉದ್ದದ ಕುರಿಹಟ್ಟಿ. 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ. ಕುಟುಂಬದಲ್ಲಿ ಹೆಂಡತಿ, ಇಬ್ಬರು ಮಕ್ಕಳು.

ಕುರಿಹಟ್ಟಿಯ ಅಳತೆ ಇದೆ, ಹೆಂಡತಿಯ ಹೆಸರಿಲ್ಲ. ಗಮನಿಸಿದಿರಲ್ಲ? ಇಂಥ ಕಾಗದದಲ್ಲಿ ಇದೇ ಮಾಮೂಲು. ಆಕೆಯ ಹೆಸರು ಆಗ್ನೆಸ್ ಸೂಟರ್, ಅಯೋವಾದ ಲೆಕ್ಲೇರ್ ಊರಿನವಳು. ಮೊದಲು ಮದುವೆ ಗೊತ್ತಾಗಿದ್ದು ಡೇನಿಯಲ್‌ನ ಸಹೋದರ ಜೇಮ್ಸ್ ಜೊತೆ. ಅಂತರ್ಯುದ್ಧದಲ್ಲಿ ಜೇಮ್ಸ್ ತೀರಿಕೊಂಡ. ಆಮೇಲೆ ಡೇನಿಯಲ್ ಆಕೆಗೆ ಕಾಗದ ಬರೆಯಲು ಶುರು ಮಾಡಿದ. 1865ರ ಫೆಬ್ರುವರಿಯಲ್ಲಿ ಮದುವೆ. ಇದರಲ್ಲಿ ಒಂದು ಮಾತೂ ಜಮೀನಿನ ಸಾಕ್ಷಿಪತ್ರದಲ್ಲಿ ಸಿಗಲ್ಲ. ಅದಕ್ಕೇ ಹೊಸಬರಿಗೆ ಹೇಳುತ್ತೇನೆ, ಮದುವೆ ದಾಖಲೆಯನ್ನು ಗಂಡನ ಜಮೀನಿರುವ ಕೌಂಟಿಯಲ್ಲಿ ಹುಡುಕಿ ಸಮಯ ಕಳೆಯಬೇಡಿ. ಹೆಣ್ಣಿನ ತವರಿಗೆ ಹೋಗಿ.

ಜಮೀನಿನ ವಿವರವನ್ನೂ ಸುಮ್ನೆ ದಾಟಿ ಹೋಗಬಾರದು. ಅಲ್ಲಿನ ಸರ್ವೆಯಲ್ಲಿ ಆರು ಮೈಲಿಗೆ ಆರು ಮೈಲಿ ಒಂದು ಟೌನ್‌ಶಿಪ್. ಅದರೊಳಗೆ 36 ಸೆಕ್ಷನ್, ಒಂದೊಂದೂ 640 ಎಕರೆ. ನಂಬರು ಹಾಕುವ ರೀತಿ ನಮ್ಮ ರೈತರಿಗೆ ತಕ್ಷಣ ಅರ್ಥವಾಗುತ್ತದೆ. ಈಶಾನ್ಯ ಮೂಲೆಯಿಂದ ಪಡುವಣಕ್ಕೆ ಆರು, ಅಲ್ಲೇ ತಿರುಗಿಸಿ ಮೂಡಣಕ್ಕೆ ಆರು. ಎತ್ತು ಹೂಡಿ ಸಾಲು ಹೊಡೆದ ಹಾಗೆ. ಸೆಕ್ಷನ್ನನ್ನು ನಾಲ್ಕು ಮಾಡಿದರೆ 160 ಎಕರೆ, ಅದನ್ನು ಮತ್ತೆ ನಾಲ್ಕು ಮಾಡಿದರೆ 40. ಸರ್ವೆ ನಂಬರು, ಹಿಸ್ಸಾ ಅಂದುಕೊಳ್ಳಿ. ಜಾಸ್ತಿ ಜನ ಚೌಕಾಕಾರದ 160 ಎಕರೆ ತಗೊಂಡರು. ಫ್ರೀಮನ್ 26ನೇ ಸೆಕ್ಷನ್‌ನಲ್ಲಿ 40 ಎಕರೆಯ ನಾಲ್ಕು ತುಂಡು ಆರಿಸಿಕೊಂಡ. ಮೂರು ಒಂದೇ ಸಾಲಿನಲ್ಲಿ, ನಾಲ್ಕನೆಯದು ನಡುವಿನ ತುಂಡಿನ ನೆತ್ತಿಯ ಮೇಲೆ. ತಲೆಕೆಳಗಾದ ಇಂಗ್ಲಿಷ್ 'ಟಿ' ಅಕ್ಷರದ ಹಾಗೆ ಕಾಣುತ್ತದೆ. ಯಾಕೆ ಅಂತೀರಾ? ಕಬ್ ಕ್ರೀಕ್ ಅನ್ನುವ ಹಳ್ಳ ಹರಿಯುವುದು ಅಲ್ಲೇ. ಮರವೇ ಇಲ್ಲದ ಬಯಲಿನಲ್ಲಿ ನೀರೂ ಸೌದೆಯೂ ಸಿಗುವುದು ಹಳ್ಳದ ದಡದಲ್ಲಿ ಮಾತ್ರ. ನಕ್ಷೆ ನೋಡಿದರೆ ಆಸಾಮಿ ಜಾಗ ತಿಳಿದೇ ಬಂದಿದ್ದಾನೆ ಅಂತ ಗೊತ್ತಾಗುತ್ತದೆ.

ಮುಂದೆ ಅರ್ಜಿ ನಮೂನೆ ಬೆಳೆಯಿತು. ನಮ್ಮಂಥವರಿಗೆ ಹಬ್ಬ. ಹುಟ್ಟಿದ್ದು ಎಲ್ಲಿ, ವಯಸ್ಸೆಷ್ಟು, ಮನೆ ಕಟ್ಟಿದ್ದು ಯಾವಾಗ, ಎಷ್ಟು ಮಕ್ಕಳು, ಎಷ್ಟು ಬೆಳೆ ತೆಗೆದೆ, ಜಮೀನು ಬಿಟ್ಟು ಎಷ್ಟು ದಿನ ಹೊರಗಿದ್ದೆ, ಯಾಕೆ ಹೋದೆ, ಎಲ್ಲ ಕೇಳಿದರು. 1870ರ ದಶಕದಲ್ಲಿ ಮಿಡತೆ ಹಿಂಡು ಬಂದು ಬೆಳೆಯೆಲ್ಲ ತಿಂದು ಹಾಕಿದಾಗ ಊರು ಬಿಟ್ಟು ಕೂಲಿಗೆ ಹೋದವರ ಹಕ್ಕು ತಪ್ಪದಂತೆ ಸಂಸತ್ತು ರಜೆ ಕೊಟ್ಟಿತ್ತು. ಅದೂ ಕಡತದಲ್ಲಿ ಕಾಣುತ್ತದೆ. ಹೊರದೇಶದಿಂದ ಬಂದವನಾದರೆ ಪೌರತ್ವದ ಕಾಗದದ ನಕಲೂ ಒಳಗಿರುತ್ತದೆ. 1879ರಿಂದ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕಾಯಿತು, ಅದರಲ್ಲಿ ಸಾಕ್ಷಿಗಳ ಹೆಸರು ಹಾಕುತ್ತಿದ್ದರು. ಆ ಹೆಸರುಗಳನ್ನು ನಾನು ಮೊದಲು ಬರೆದುಕೊಳ್ಳುತ್ತೇನೆ. ಹತ್ತರಲ್ಲಿ ಆರು ಸಲ ಅದರಲ್ಲೊಬ್ಬ ಭಾವನೋ, ಷಡ್ಡಕನೋ, ಹಳೇ ಊರಿನ ಪಕ್ಕದ ಮನೆಯವನೋ ಆಗಿರುತ್ತಾನೆ. ಬರಿಗಣ್ಣಿಗೆ ಅಪರಿಚಿತರ ಪಟ್ಟಿ, ತೋಡುತ್ತಾ ಹೋದರೆ ನೆಂಟರ ಪಟ್ಟಿ.

ಜಮೀನು ಮೊದಲು ಅನ್ನುವ ಬುದ್ಧಿ ನನಗೆ ಪೆಟ್ಟು ತಿಂದೇ ಬಂದದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಜರ್ಮನ್ ಮೂಲದ ಮನೆತನಕ್ಕೆ ವಂಶಾವಳಿ ಮಾಡಿಕೊಟ್ಟೆ. ಅವರು ಅದನ್ನು ಅಚ್ಚು ಹಾಕಿಸಿ, ಕುಟುಂಬದವರೆಲ್ಲ ಸೇರಿದ ದಿನ ಹಂಚಿದರು. ಮಾರನೇ ವಾರ ಒಬ್ಬ ಅಜ್ಜಿ ಫೋನ್ ಮಾಡಿದರು. "ನೀವು ಬರೆದಿರುವ ಮನುಷ್ಯ ಇಲಿನಾಯ್‌ನಲ್ಲಿ ಆರು ವರ್ಷ ಇದ್ದ ಅಂತಿದೆ. ನಮ್ಮ ತಾತ ಹಡಗು ಇಳಿದವರು ನೆಟ್ಟಗೆ ಇಲ್ಲಿಗೇ ಬಂದದ್ದು." ನೋಡಿದರೆ ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಇಬ್ಬರಿಗೂ ಅಜ್ಜನ ಹೆಸರೇ ಇಟ್ಟಿದ್ದರು. ಒಬ್ಬನ ಪೌರತ್ವದ ಕಾಗದವನ್ನು ನಾನು ಇನ್ನೊಬ್ಬನಿಗೆ ಅಂಟಿಸಿದ್ದೆ. ಒಬ್ಬನ ಜಮೀನು 8ನೇ ಸೆಕ್ಷನ್, ಇನ್ನೊಬ್ಬನದು 17. ಅದೊಂದನ್ನು ಮೊದಲೇ ನೋಡಿದ್ದರೆ ಮುಗಿದಿತ್ತು. ಇಬ್ಬರಿಗೆ ಒಂದೇ ಹೆಸರು ಇರಬಹುದು, ಇಬ್ಬರಿಗೆ ಒಂದೇ 160 ಎಕರೆ ಇರಲ್ಲ.

ನಾರ್ವೆಯವರದು ಬೇರೆಯೇ ಪಾಡು. ಅಪ್ಪನ ಹೆಸರಿಗೆ 'ಸೆನ್' ಸೇರಿಸಿದರೆ ಮಗನ ಹೆಸರು, ಹಾಗಾಗಿ ತಲೆಮಾರಿಗೊಮ್ಮೆ ಬದಲು. ಅದರ ಮೇಲೆ ಹಳೇ ಊರಿನ ಹೊಲಮನೆಯ ಹೆಸರು ಬೇರೆ. ಊರು, ಅಪ್ಪ, ಇಬ್ಬರನ್ನೂ ಇನಿಷಿಯಲ್ಲಿನಲ್ಲಿ ಹೊತ್ತುಕೊಂಡು ತಿರುಗುವ ನಮಗೆ ಇದು ಕಷ್ಟವಲ್ಲ. ಅಮೆರಿಕನ್ನರಿಗೆ ಅರ್ಧ ಗಂಟೆ ಪಾಠ ಮಾಡಬೇಕು.

ಜಮೀನು ಕೈಕೊಡುವ ಜಾಗವೂ ಇದೆ. ಚಾರ್ಲ್ಸ್ ಇಂಗಲ್ಸ್ ಕುಟುಂಬ ನೋಡಿ. ಅವನ ಎರಡನೇ ಮಗಳು ಲಾರಾ ಮುಂದೆ ದೊಡ್ಡ ಲೇಖಕಿಯಾದಳು, ಹಾಗಾಗಿ ಈ ಮನೆತನವನ್ನು ಅಗೆದಷ್ಟು ಬೇರೆ ಯಾರನ್ನೂ ಅಗೆದಿಲ್ಲ. 1870ರ ಗಣತಿಯಲ್ಲಿ ಇವರು ಕ್ಯಾನ್ಸಸ್‌ನ ಮಾಂಟ್‌ಗೊಮರಿ ಕೌಂಟಿಯಲ್ಲಿದ್ದಾರೆ. ಆದರೆ ಜಮೀನಿನ ಬೆಲೆಯ ಕಾಲಂ ಖಾಲಿ. ಕೂತಿದ್ದು ಓಸೇಜ್ ಅನ್ನುವ ಮೂಲನಿವಾಸಿ ಜನರ ನೆಲದಲ್ಲಿ. ನಮ್ಮ ಭಾಷೆಯಲ್ಲಿ ಬಗರ್‌ಹುಕುಂ. ಹಕ್ಕಿಲ್ಲ ಅಂದಮೇಲೆ ಕಡತವೂ ಇಲ್ಲ. ಗಣತಿಯವನು ಬರದೆ ಹೋಗಿದ್ದರೆ ಅವರು ಅಲ್ಲಿದ್ದುದಕ್ಕೆ ಸರ್ಕಾರದ ಕಾಗದವೇ ಇರುತ್ತಿರಲಿಲ್ಲ. ಫ್ರೀಮನ್ ಇದ್ದ ಗೇಜ್ ಕೌಂಟಿಯ ದಕ್ಷಿಣದಲ್ಲೂ ಓಟೋ–ಮಿಸ್ಸೂರಿಯಾ ಜನ ಇದ್ದರು. 1881ರಲ್ಲಿ ಅವರನ್ನು ಇಂಡಿಯನ್ ಟೆರಿಟರಿಗೆ, ಈಗಿನ ಒಕ್ಲಹೋಮಾಗೆ, ಕಳಿಸಲಾಯಿತು. ಅಲ್ಲಿನ ಕ್ರಯಪತ್ರಗಳ ಸರಣಿ ಶುರುವಾಗುವುದೇ 'ಅಮೆರಿಕ ಸರ್ಕಾರದಿಂದ ಇಂಥವರಿಗೆ' ಅಂತ. ಅದಕ್ಕೆ ಹಿಂದಿನ ಪುಟ ಕೇಳಬೇಡಿ.

ಇಂಗಲ್ಸ್ ಮನೆಯಲ್ಲಿ ನಾಲ್ಕು ಹೆಣ್ಣುಮಕ್ಕಳು ಅಂತ ಬಹಳ ಜನ ತಿಳಿದಿದ್ದಾರೆ. ಒಬ್ಬ ಗಂಡುಮಗನೂ ಇದ್ದ. ಚಾರ್ಲ್ಸ್ ಫ್ರೆಡ್ರಿಕ್, ಮನೆಯಲ್ಲಿ ಫ್ರೆಡ್ಡಿ. ಹುಟ್ಟಿದ್ದು 1875ರ ನವೆಂಬರ್ 1, ಮಿನ್ನೆಸೋಟದ ವಾಲ್ನಟ್ ಗ್ರೋವ್‌ನಲ್ಲಿ. ತೀರಿಕೊಂಡಿದ್ದು 1876ರ ಆಗಸ್ಟ್ 27, ಸೌತ್ ಟ್ರಾಯ್‌ನಲ್ಲಿ. ದೇಶದ ಗಣತಿ 1870ರಲ್ಲಿ ಒಂದು, 1880ರಲ್ಲಿ ಇನ್ನೊಂದು. ಮಿನ್ನೆಸೋಟದ ರಾಜ್ಯ ಗಣತಿ 1875ರಲ್ಲೇ ಆಯಿತು, ಆದರೆ ಅವನು ಹುಟ್ಟುವ ಎಷ್ಟೋ ತಿಂಗಳ ಮೊದಲು. ಮೂರು ಗಣತಿಯ ನಡುವೆ ಜಾರಿಹೋದ ಹತ್ತು ತಿಂಗಳ ಮಗು. ಅಕ್ಕ ಲಾರಾ ಮಕ್ಕಳಿಗಾಗಿ ಬರೆದ ಕಾದಂಬರಿಗಳಲ್ಲೂ ಅವನನ್ನು ತರಲಿಲ್ಲ.

ಹೆಸರಾದ ಮನೆತನದ್ದೇ ಹೀಗಾದರೆ ಉಳಿದವರ ಪಾಡೇನು? ಅದರ ಮೇಲೆ 1890ರ ಗಣತಿಯ ಹಾಳೆಗಳು 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿಗೆ ಸಿಕ್ಕವು. ಉಳಿದಿದ್ದು ಚೂರುಪಾರು. 1880 ಆದಮೇಲೆ 1900. ಪ್ರೇರಿಗೆ ಜನ ಸಾಲುಸಾಲಾಗಿ ಬಂದದ್ದೇ ಆ ಇಪ್ಪತ್ತು ವರ್ಷದಲ್ಲಿ. ಅದಕ್ಕೇ ನೆಬ್ರಾಸ್ಕಾ, ಡಕೋಟಾಗಳ 1885ರ ಗಣತಿ ನಮಗೆ ಚಿನ್ನ. ಅದರ ಜೊತೆ ಇನ್ನೊಂದು ಪಟ್ಟಿ ಇದೆ, ಹಿಂದಿನ ಒಂದು ವರ್ಷದಲ್ಲಿ ಸತ್ತವರದು. ಹೆಸರು, ವಯಸ್ಸು, ಕಾರಣ. 1900ರ ಗಣತಿಯಲ್ಲೂ ತಾಯಂದಿರಿಗೆ ಎರಡು ಪ್ರಶ್ನೆ. ಎಷ್ಟು ಮಕ್ಕಳನ್ನು ಹೆತ್ತೆ? ಎಷ್ಟು ಬದುಕಿವೆ?

ಹೋದ ವರ್ಷ ಒಬ್ಬ ರೈತ ಬಂದಿದ್ದ. ಎಪ್ಪತ್ತರ ಹತ್ತಿರ ವಯಸ್ಸು, ಮುತ್ತಜ್ಜನ ಜಮೀನಿನಲ್ಲೇ ಈಗಲೂ ಮೆಕ್ಕೆಜೋಳ, ಸೋಯಾ ಬೆಳೆಯುತ್ತಾನೆ. ಮುತ್ತಜ್ಜನಿಗೆ ಐದು ಮಕ್ಕಳು, ಐವರ ಹೆಸರೂ ಗೊತ್ತು, ಬರೀ ಮುತ್ತಜ್ಜ ಬಂದ ಊರು ಹುಡುಕಿಕೊಡಿ ಅಂದ. 1900ರ ಗಣತಿ ತೆಗೆದರೆ ಮುತ್ತಜ್ಜಿಯ ಮುಂದೆ 9, ಪಕ್ಕದಲ್ಲಿ 5. ಜಮೀನಿನ ಕಡತ ತರಿಸಿದೆ. 1884ರಲ್ಲಿ ಮುತ್ತಜ್ಜ ಪ್ರಮಾಣ ಮಾಡಿ ಹೇಳಿದ್ದು, ಹೆಂಡತಿ ಮತ್ತು ನಾಲ್ಕು ಮಕ್ಕಳು. 1885ರ ಜೂನ್ ಗಣತಿಯಲ್ಲಿ ಮಕ್ಕಳು ಎರಡೇ. ಸತ್ತವರ ಪಟ್ಟಿ ತಿರುವಿದೆ. ಇಬ್ಬರೂ ಅಲ್ಲಿದ್ದರು, ಒಂದರ ಕೆಳಗೆ ಒಂದು. ಆರು ವರ್ಷದ ಹುಡುಗಿ, ನಾಲ್ಕು ವರ್ಷದ ಹುಡುಗ. ಡಿಫ್ತೀರಿಯಾ. ಇನ್ನಿಬ್ಬರು ಆಮೇಲೆ ಹುಟ್ಟಿ, 1900ರೊಳಗೆ ಹೋದವರು. ಅವರ ಹೆಸರು ಸಿಗಲಿಲ್ಲ.

ಫೋನ್ ಮಾಡಿ ಹೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಅವನೇ ಕೇಳಿದ, ಹಳೇ ಮನೆ ಕಟ್ಟಿದ್ದು ಜಮೀನಿನ ಯಾವ ಮೂಲೆಯಲ್ಲಿ ಅಂತ ಕಡತದಲ್ಲಿದೆಯಾ? ಇತ್ತು. ವಾಯವ್ಯದ 40 ಎಕರೆ.

"ಆ ಮೂಲೆಯಲ್ಲಿ ಒಂದಿಷ್ಟು ಜಾಗ ನಾವು ಉಳುವುದಿಲ್ಲ" ಅಂದ. "ಅಪ್ಪ ಅದನ್ನು ಬಳಸಿಕೊಂಡೇ ಉಳುತ್ತಿದ್ದ. ಅಜ್ಜನೂ ಹಾಗೇ ಮಾಡುತ್ತಿದ್ದನಂತೆ. ಯಾಕೆ ಅಂತ ನಾನು ಕೇಳಲೇ ಇಲ್ಲ."