ಮನೆಯ ಸಂಖ್ಯೆ ಬಾಗಿಲಿಗೆ ಬಂದ ದಾರಿ

ತಮ್ಮ ಊರಿನ ಚರಿತ್ರೆಯನ್ನು ಅರಿಯಲು ಹೊರಟವರು ಸಾಮಾನ್ಯವಾಗಿ ಸ್ಮಾರಕ, ಗೋಪುರ, ಅರಮನೆಗಳತ್ತ ನಡೆಯುತ್ತಾರೆ. ಪ್ರತಿ ಬಾಗಿಲ ಪಕ್ಕದಲ್ಲೂ ಇರುವ ಸಂಖ್ಯಾಫಲಕದ ಮುಂದೆ ಯಾರೂ ನಿಲ್ಲುವುದಿಲ್ಲ. ಆದರೆ ಆ ಸಂಖ್ಯೆ ಯಾವಾಗ ಬಂತು, ಯಾರ ಅಗತ್ಯಕ್ಕಾಗಿ ಬಂತು ಎಂದು ವಿಚಾರಿಸತೊಡಗಿದರೆ, ಆ ನಗರವನ್ನು ಯಾರು ಎಣಿಸಿದರು, ಯಾರು ಆಳಿದರು, ಎಲ್ಲಿ ಕೆಡವಿ ಕಟ್ಟಿದರು ಎಂಬುದೆಲ್ಲ ಹೊರಬರುತ್ತದೆ.

ಯುರೋಪಿನ ಹಲವು ನಗರಗಳಲ್ಲಿ ಬಹುಕಾಲ ಮನೆಗಳಿಗೆ ಸಂಖ್ಯೆಯ ಬದಲು ಹೆಸರು ಮತ್ತು ಚಿತ್ರಗಳಿದ್ದವು. ಪ್ರಾಗ್ ನಗರದ ನೆರೂದಾ ಬೀದಿಯಲ್ಲಿ ‘ಮೂರು ಪಿಟೀಲು’, ‘ಎರಡು ಸೂರ್ಯ’ ಮುಂತಾದ ಗುರುತುಗಳನ್ನು ಹೊತ್ತ ಮನೆಗಳು ಇಂದಿಗೂ ಇವೆ. ಓದು ಬಾರದವರಿಗೂ ದಾರಿ ತೋರುತ್ತಿದ್ದ ಈ ವ್ಯವಸ್ಥೆ ನೆರೆಹೊರೆಯವರಿಗೆ ಸಾಕಾಗಿತ್ತು. ಸಾಕಾಗದೆ ಹೋದದ್ದು ಪ್ರಭುತ್ವಕ್ಕೆ.

1770ರಲ್ಲಿ, ಪ್ರಾಗ್ ನಗರವೂ ಸೇರಿದ್ದ ಮಧ್ಯ ಯುರೋಪಿನ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದ ರಾಣಿ ಮರಿಯಾ ತೆರೇಸಾ ಸೈನ್ಯಕ್ಕೆ ಸೇರಿಸಬಹುದಾದ ಗಂಡಸರ ಎಣಿಕೆಗೆ ಆಜ್ಞೆ ಹೊರಡಿಸಿದಾಗ, ಯಾವ ಮನೆಯಲ್ಲಿ ಯಾರಿದ್ದಾರೆಂದು ದಾಖಲಿಸಲು ಅಧಿಕಾರಿಗಳು ಮನೆಮನೆಗೂ ಸಂಖ್ಯೆ ಬರೆಸಿದರು. ಬೀದಿಯ ಲೆಕ್ಕವಿಲ್ಲದೆ ಇಡೀ ಊರಿಗೆ ಒಂದೇ ಸರಣಿ ಹರಿಯುತ್ತಿದ್ದ ಆ ಅಂಕಿಗಳನ್ನು ಅನೇಕ ಕಡೆ ಜನ ಅಳಿಸಿಹಾಕಿದರು. ತಮ್ಮ ಗೋಡೆಯ ಮೇಲಿನ ಅಂಕಿ ಮಕ್ಕಳನ್ನು ಯುದ್ಧಕ್ಕೆ ಎಳೆದೊಯ್ಯುವ ದಾರಿಯೆಂದು ಅವರು ಭಾವಿಸಿದ್ದರಲ್ಲಿ ತಪ್ಪಿರಲಿಲ್ಲ. ವಿಳಾಸ ಹುಡುಕುವವರ ಅನುಕೂಲಕ್ಕೆಂದೇ ಈ ಸಂಖ್ಯೆಗಳು ಹುಟ್ಟಿದವು ಎಂಬ ನಮ್ಮ ಸಹಜ ಊಹೆಯನ್ನು ಇಲ್ಲಿ ತಿದ್ದಿಕೊಳ್ಳಬೇಕಾಗುತ್ತದೆ.

ಪ್ರಾಗ್‌ನ ಮನೆಗಳ ಮೇಲೆ ಈಗಲೂ ಎರಡು ಫಲಕಗಳಿರುತ್ತವೆ. ಕೆಂಪು ಫಲಕದ್ದು ಎಣಿಕೆಯ ಸಂಪ್ರದಾಯದಿಂದ ಬಂದ ಸಂಖ್ಯೆ, ನೀಲಿ ಫಲಕದ್ದು ಬೀದಿಯ ಕ್ರಮದ ಸಂಖ್ಯೆ. ಹೊಸದು ಬಂದಾಗ ಹಳೆಯದನ್ನು ಕಿತ್ತೆಸೆಯದ ಈ ಪದ್ಧತಿ ಎಲ್ಲ ನಗರಗಳಿಗೂ ಮಾದರಿಯಾಗಬೇಕೆಂಬುದು ನನ್ನ ದೃಢ ಅಭಿಪ್ರಾಯ. ಜರ್ಮನಿಯ ಕಲೋನ್ ನಗರದಲ್ಲಿ ಫ್ರೆಂಚ್ ಸೇನೆಯ ಆಳ್ವಿಕೆಯಲ್ಲಿ, 1790ರ ದಶಕದಲ್ಲಿ, ಒಂದು ಕಟ್ಟಡಕ್ಕೆ ಕೊಟ್ಟ 4711 ಎಂಬ ಸಂಖ್ಯೆ ಸುಗಂಧದ್ರವ್ಯವೊಂದರ ಹೆಸರಾಗಿ ಉಳಿದುಕೊಂಡಿದೆ.

ಇಂದು ಬಹಳಷ್ಟು ದೇಶಗಳಿಗೆ ಪರಿಚಿತವಾದ, ಒಂದು ಬದಿಗೆ ಬೆಸ ಮತ್ತೊಂದು ಬದಿಗೆ ಸಮ ಸಂಖ್ಯೆ ಎಂಬ ಕ್ರಮವನ್ನು ಪ್ಯಾರಿಸ್ ನಗರಕ್ಕೆ 1805ರ ಆಜ್ಞೆಯೊಂದು ತಂದಿತು. ಸೇನ್ ನದಿಯಿಂದ ದೂರ ಸಾಗುವ ಬೀದಿಗಳಲ್ಲಿ ಸಂಖ್ಯೆ ನದಿಯ ಕಡೆಯಿಂದ ಆರಂಭವಾಗುತ್ತದೆ. ನದಿಯ ಜೊತೆಗೇ ಸಾಗುವ ಬೀದಿಗಳಲ್ಲಿ ಅದು ಹರಿವಿನ ದಿಕ್ಕಿನಲ್ಲಿ ಏರುತ್ತದೆ. ಹೀಗಾಗಿ ಮೊದಲ ಬಗೆಯ ಬೀದಿಯಲ್ಲಿ, ನದಿ ಕಾಣದ ಕಡೆ ನಿಂತವರೂ ಎರಡು ಬಾಗಿಲುಗಳ ಅಂಕಿಗಳನ್ನು ಹೋಲಿಸಿ ನದಿ ಯಾವ ಕಡೆಗಿದೆಯೆಂದು ಹೇಳಬಲ್ಲರು. ವೆನಿಸ್‌ನಲ್ಲಿ ಬೀದಿಗೆ ಬದಲಾಗಿ ಇಡೀ ವಿಭಾಗಕ್ಕೆ ಒಂದೇ ಸರಣಿ ಇರುವುದರಿಂದ ಸಂಖ್ಯೆಗಳು ಸಾವಿರಗಳನ್ನು ದಾಟುತ್ತವೆ. ಜಪಾನಿನ ಹಳೆಯ ಕ್ರಮದಲ್ಲಿ ಅಂಕಿಗಳು ಬೀದಿಯ ಜಾಡನ್ನೇ ಹಿಡಿಯುತ್ತಿರಲಿಲ್ಲ. ಅಲ್ಲಿ 1962ರ ಕಾನೂನು ಸುಧಾರಣೆ ತಂದ ಮೇಲೂ ಲೆಕ್ಕಕ್ಕೆ ಆಧಾರವಾಗಿರುವುದು ಹೆಚ್ಚಾಗಿ ಬೀದಿಯಲ್ಲ, ಬೀದಿಗಳ ನಡುವಿನ ಮನೆಗಳ ಗುಂಪು.

ಅಂಕಿಗಳ ನಡುವಿನ ಕೊರತೆಗಳೂ ಮಾತನಾಡುತ್ತವೆ. ಬರ್ಲಿನ್‌ನ ಪ್ರಸಿದ್ಧ ಕುರ್‌ಫ್ಯೂರ್ಸ್ಟೆನ್‌ಡಾಮ್ ಬೀದಿ ಆರಂಭವಾಗುವುದೇ 11ರಿಂದ. ಅದರ ಮೊದಲ ಭಾಗಕ್ಕೆ 1925ರಲ್ಲಿ ಬೇರೆ ಹೆಸರಿಟ್ಟಿದ್ದರಿಂದ ಹತ್ತು ಸಂಖ್ಯೆಗಳು ಇಲ್ಲವಾದವು. ಯಾವ ಊರಿನಲ್ಲೇ ಆಗಲಿ, ಒಂದು ಸಂಖ್ಯೆಯ ಪಕ್ಕದಲ್ಲಿ ‘ಎ’, ‘ಬಿ’ ಸೇರಿಕೊಂಡಿದ್ದರೆ ನಿವೇಶನ ಒಡೆದಿರಬಹುದು. ನಾಲ್ಕು ಸಂಖ್ಯೆಗಳು ಒಂದೇ ಕಟ್ಟಡದೊಳಗೆ ಅಡಗಿದ್ದರೆ ನಾಲ್ಕು ಮನೆಗಳು ಅಲ್ಲಿ ಹಿಂದೆ ಇದ್ದಿರಬಹುದು. ಇವು ಸುಳಿವುಗಳಷ್ಟೇ ಆದ್ದರಿಂದ ಹಳೆಯ ನಕ್ಷೆ ಮತ್ತು ತೆರಿಗೆ ದಾಖಲೆಗಳ ಎದುರು ಇಟ್ಟು ನೋಡಲೇಬೇಕು.

ಇನ್ನೊಂದು ಎಚ್ಚರವೂ ಅಗತ್ಯ. ಲಂಡನ್ನಿನಲ್ಲಿ 1855ರ ಕಾನೂನಿನ ನಂತರ ಅನೇಕ ಬೀದಿಗಳಿಗೆ ಹೊಸದಾಗಿ ಸಂಖ್ಯೆ ಕೊಡಲಾಯಿತು. ಫಿಲಡೆಲ್ಫಿಯಾದಲ್ಲಿ 1856ರಲ್ಲಿ ಪ್ರತಿ ಅಡ್ಡರಸ್ತೆಗೆ ನೂರರ ಲೆಕ್ಕ ಏರುವಂತೆ ಕ್ರಮ ಬದಲಾಯಿತು. ಆದ್ದರಿಂದ ಹಳೆಯ ಪತ್ರದಲ್ಲಿರುವ ಸಂಖ್ಯೆಯನ್ನು ಹಿಡಿದು ಇಂದಿನ ಬಾಗಿಲ ಮುಂದೆ ನಿಂತು, ಇಂಥವರು ಹುಟ್ಟಿದ ಮನೆ ಇದೇ ಎಂದು ಹೇಳುವ ಮೊದಲು, ಹಳೆಯ ಮತ್ತು ಹೊಸ ಸಂಖ್ಯೆಗಳನ್ನು ಜೋಡಿಸಿ ತೋರಿಸುವ ಪಟ್ಟಿ ನಗರದ ದಾಖಲೆಗಳಲ್ಲಿ ಇದೆಯೇ ಎಂದು ಹುಡುಕಬೇಕು.