ಮನೆಯ ಕಂಪ್ಯೂಟರ್‌ನಲ್ಲಿ ನೆಟ್ ಪದೇಪದೇ ಹೋಗುತ್ತಿದ್ದರೆ: ಎಲ್ಲಿ ಕಡಿಯಿತೆಂದು ಪತ್ತೆ ಹಚ್ಚುವ ಕ್ರಮ

ನೆಟ್ ಹೋದ ತಕ್ಷಣ ರೂಟರ್ ಆಫ್ ಮಾಡಿ ಆನ್ ಮಾಡುವುದು ಎಲ್ಲರ ರೂಢಿ. ರಿಪೇರಿ ಕಲಿಯುವವರು ಮೊದಲು ಬಿಡಬೇಕಾದದ್ದು ಇದನ್ನೇ. ಆಫ್ ಮಾಡಿದ ಕೂಡಲೇ ಯಾವ ದೀಪ ಕೆಂಪಾಗಿತ್ತು, ಕಂಪ್ಯೂಟರ್‌ಗೆ ಯಾವ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಇತ್ತು, ರೂಟರ್ ಎಷ್ಟು ಹೊತ್ತಿನಿಂದ ನಡೆಯುತ್ತಿತ್ತು ಎಂಬ ಸುಳಿವೆಲ್ಲ ಅಳಿಸಿಹೋಗುತ್ತದೆ. ನೆಟ್ ಮರಳಿ ಬರುತ್ತದೆ, ಕಾರಣ ಮಾತ್ರ ಅಲ್ಲೇ ಉಳಿಯುತ್ತದೆ. ಎರಡು ನಿಮಿಷ ನೋಡಿ, ವೇಳೆ ಸಮೇತ ಬರೆದುಕೊಂಡು, ಆಮೇಲೆ ಮುಟ್ಟಿ.

ಮೊದಲು ಅದೇ ವೈಫೈಗೆ ಸೇರಿದ ಮೊಬೈಲ್ ತೆಗೆದುಕೊಂಡು, ಮೊಬೈಲ್ ಡೇಟಾ ಬಂದ್ ಮಾಡಿ ನೋಡಿ. ಮೊಬೈಲ್‌ನಲ್ಲಿ ನೆಟ್ ಇದ್ದರೆ ತಪ್ಪು ಕಂಪ್ಯೂಟರ್‌ನದು ಅಥವಾ ಅದರ ಕೇಬಲ್‌ನದು. ಎರಡರಲ್ಲೂ ಇಲ್ಲದಿದ್ದರೆ ರೂಟರ್, ಅದರ ಕರೆಂಟ್ ಅಡಾಪ್ಟರ್ ಅಥವಾ ಹೊರಗಿನ ಲೈನು.

ಈಗ ಮುಖ್ಯ ಪರೀಕ್ಷೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ) ತೆರೆದು ಐಪಿಕಾನ್ಫಿಗ್ (ipconfig) ಕೊಡಿ. ಡೀಫಾಲ್ಟ್ ಗೇಟ್‌ವೇ ಎಂಬ ಸಾಲಿನಲ್ಲಿರುವುದು ನಿಮ್ಮ ರೂಟರ್‌ನ ವಿಳಾಸ, ಬಹಳ ಮನೆಗಳಲ್ಲಿ 192.168.1.1. ಎರಡು ಕಪ್ಪು ಕಿಟಕಿ ತೆರೆದು ಒಂದರಲ್ಲಿ ಆ ವಿಳಾಸಕ್ಕೆ, ಇನ್ನೊಂದರಲ್ಲಿ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ ಪಿಂಗ್ (ping, ಉತ್ತರ ಬರುತ್ತದೆಯೇ ಎಂದು ಕೇಳುವ ಆದೇಶ) ಹಚ್ಚಿ. ಕೊನೆಗೆ ಅಡ್ಡಗೆರೆ ಟಿ (-t) ಸೇರಿಸಿದರೆ ನೀವು ಕಂಟ್ರೋಲ್ ಸಿ ಒತ್ತುವವರೆಗೂ ನಿಲ್ಲುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು, ನೆಟ್ ಹೋಗುವವರೆಗೆ ಬಿಡಿ.

ಹೋದಾಗ ರೂಟರ್ ಕಿಟಕಿಯಲ್ಲಿ ಉತ್ತರ ಬರುತ್ತಲೇ ಇದ್ದು 8.8.8.8 ಮಾತ್ರ ನಿಂತರೆ, ಮನೆಯೊಳಗಿನ ದಾರಿ ಸರಿ ಇದೆ. ಕಡಿದದ್ದು ರೂಟರ್‌ನಿಂದ ಆಚೆ. ಎರಡೂ ಒಟ್ಟಿಗೆ ನಿಂತರೆ ಕಡಿದದ್ದು ಕಂಪ್ಯೂಟರ್ ಮತ್ತು ರೂಟರ್ ನಡುವೆ, ಇಲ್ಲವೇ ರೂಟರ್ ತಾನೇ ಸ್ಥಗಿತವಾಗಿದೆ. ಎರಡೂ ಓಡುತ್ತಿದ್ದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ನೋಡಿ: ಕಂಪ್ಯೂಟರ್‌ನ ನೆಟ್‌ವರ್ಕ್ ಅಡಾಪ್ಟರ್ ಸೆಟ್ಟಿಂಗ್‌ನಲ್ಲಿ ಡಿಎನ್ಎಸ್ ಆಗಿ 8.8.8.8 ಮತ್ತು 1.1.1.1 ಹಾಕಿದರೆ ಬಹುತೇಕ ಸರಿಹೋಗುತ್ತದೆ.

ಇಲ್ಲಿ ಕಲಿಯುವವರು ಎಡವುವ ಒಂದು ಜಾಗ ಇದೆ. ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ (ಗುರಿ ತಲುಪಲಾಗಲಿಲ್ಲ) ಎಂಬ ಸಾಲು ‘ರಿಪ್ಲೈ ಫ್ರಂ’ ಎಂದೇ ಶುರುವಾಗುತ್ತದೆ, ವಿಂಡೋಸ್ ಅದನ್ನೂ ಬಂದ ಉತ್ತರವೆಂದು ಎಣಿಸುತ್ತದೆ. ಕೊನೆಯಲ್ಲಿ ನಷ್ಟ 0% ಎಂದು ಕಂಡರೂ ಸಂಪರ್ಕ ಕಡಿದೇ ಇರಬಹುದು. ಆ ಸಾಲಿನಲ್ಲಿರುವ ವಿಳಾಸ ನಿಮ್ಮ ಕಂಪ್ಯೂಟರ್‌ನದೇ ಆಗಿದ್ದರೆ ರೂಟರ್‌ವರೆಗೂ ಮಾತು ತಲುಪಿಲ್ಲ ಎಂದರ್ಥ. ಮೊತ್ತ ನಂಬಬೇಡಿ, ಸಾಲು ಓದಿ. ‘ಜನರಲ್ ಫೇಲ್ಯೂರ್’ ಬಂದರೆ ಪ್ಯಾಕೆಟ್ (ಕಳಿಸಿದ ಡೇಟಾ ತುಣುಕು) ಕಂಪ್ಯೂಟರ್ ಬಿಟ್ಟು ಹೊರಟೇ ಇಲ್ಲ. ಐಪಿಕಾನ್ಫಿಗ್‌ನಲ್ಲಿ 169.254ರಿಂದ ಶುರುವಾಗುವ ವಿಳಾಸ ಕಂಡರೆ ರೂಟರ್ ವಿಳಾಸ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಹಾಕಿಕೊಂಡಿದೆ.

ತಪ್ಪು ಕಂಪ್ಯೂಟರ್ ಕಡೆ ಎಂದಾದರೆ ಕೇಬಲ್‌ನಿಂದ ಶುರು ಮಾಡಿ. ಲ್ಯಾನ್ ಪಿನ್ನಿನ ಮೇಲಿನ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ಪಿನ್ ಒಳಗೇ ಇದ್ದಂತೆ ಕಾಣುತ್ತದೆ, ಕಸ ಹೊಡೆಯುವಾಗ ಕೇಬಲ್ ಅರ್ಧ ಮಿಲಿಮೀಟರ್ ಸರಿದರೂ ಸಂಪರ್ಕ ಹೋಗುತ್ತದೆ. ಕೂಡಿಸುವಾಗ ‘ಟಕ್’ ಎಂದು ಕೇಳಬೇಕು. ಒಳಗಿನ 8 ತಂತಿಗಳಲ್ಲಿ 100 ಎಂಬಿಪಿಎಸ್‌ಗೆ ಸಾಕಾಗುವುದು 1, 2, 3 ಮತ್ತು 6ನೆಯವು. 1000ಕ್ಕೆ ಎಂಟೂ ಬೇಕು. ಗಿಗಾಬಿಟ್ (1000 ಎಂಬಿಪಿಎಸ್) ಸಂಪರ್ಕ ಇದ್ದಕ್ಕಿದ್ದಂತೆ 100ಕ್ಕೆ ಇಳಿದರೆ ಒಂದು ತಂತಿ ಕಡಿದಿರಬೇಕೆಂದು ಸಂಶಯಪಡಿ. ಹೊಸ ಪಿನ್ ಕ್ರಿಂಪ್ ಮಾಡುವಾಗ (ಇಕ್ಕಳದಿಂದ ಒತ್ತಿ ತಂತಿಗೆ ಕೂಡಿಸುವಾಗ) ಎರಡೂ ತುದಿಗೆ ಒಂದೇ ಕ್ರಮ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಕೆಲಸವಿಲ್ಲದೆ ಬಿಟ್ಟಾಗ ಮಾತ್ರ ನೆಟ್ ಹೋಗುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ ಮೇಲೆ ಎರಡು ಸಲ ಒತ್ತಿ, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಬಂದ್ ಮಾಡಬಹುದು ಎಂಬಲ್ಲಿನ ಟಿಕ್ ತೆಗೆಯಿರಿ.

ವೈಫೈ ವಿಷಯದಲ್ಲಿ ಮನೆಯ ಗೋಡೆಯೇ ದೊಡ್ಡ ಕಾರಣ. ಹೆಚ್ಚಿನ ರೂಟರ್‌ಗಳಲ್ಲಿ ವೈಫೈಗೆ ಎರಡು ತರಂಗಪಟ್ಟಿ ಇರುತ್ತವೆ, 2.4 ಮತ್ತು 5 ಗಿಗಾಹರ್ಟ್ಸ್; ಪ್ರತಿ ಪಟ್ಟಿಯೊಳಗಿನ ಭಾಗಗಳೇ ಚಾನೆಲ್. ಗದಗ-ಬೆಟಗೇರಿ ಕಡೆಯ ಹಳೇ ಮಾಳಿಗೆ ಮನೆಗಳಲ್ಲಿ ಕಲ್ಲು-ಮಣ್ಣಿನ ದಪ್ಪ ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸೋತುಹೋಗುತ್ತದೆ. ಅಲ್ಲಿ 2.4 ಒಳ್ಳೆಯದು, ಒಂದು ಲ್ಯಾನ್ ಕೇಬಲ್ ಎಳೆಯುವುದು ಎಲ್ಲಕ್ಕಿಂತ ಒಳ್ಳೆಯದು. ಧಾರವಾಡದ ಸಪ್ತಾಪುರದಂಥ ಕಡೆ ತೊಂದರೆ ಬೇರೆ: ಬಾಡಿಗೆ ಕೋಣೆಗಳು ಒತ್ತೊತ್ತಾಗಿ, ಕೋಣೆಗೊಂದು ವೈಫೈ, ಎಲ್ಲ 2.4ರ ಮೇಲೇ ಮುಗಿಬಿದ್ದಿರುತ್ತವೆ. ಅಲ್ಲಿ 5 ಗಿಗಾಹರ್ಟ್ಸ್‌ಗೆ ಹೋಗಿ, ಚಾನೆಲ್ 36ರಿಂದ 48ರೊಳಗೆ ಇಡಿ. 52ರಿಂದ 144ರವರೆಗಿನ ಚಾನೆಲ್‌ಗಳಲ್ಲಿ ರೇಡಾರ್ ಸುಳಿವು ಸಿಕ್ಕರೆ ರೂಟರ್ ಆ ಚಾನೆಲ್ ಬಿಡಲೇಬೇಕು, ಆಗಲೂ ನೆಟ್ ಕಡಿಯುತ್ತದೆ. 2.4ರಲ್ಲೇ ಇರಬೇಕಾದರೆ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11. 2.4 ಮತ್ತು 5 ಎರಡಕ್ಕೂ ಬೇರೆ ಬೇರೆ ವೈಫೈ ಹೆಸರು ಕೊಟ್ಟರೆ ಕಂಪ್ಯೂಟರ್ ಅತ್ತಿಂದಿತ್ತ ಜಿಗಿಯುವುದು ನಿಲ್ಲುತ್ತದೆ. ರೂಟರ್ ಕಬ್ಬಿಣದ ಟ್ರೆಜರಿಯ ಹಿಂದೆ ಇದ್ದರೆ ಮೊದಲು ಅದನ್ನು ಸರಿಸಿ.

ರೂಟರ್‌ನ ಎಲ್ಲ ದೀಪ ಆರಿ ಮತ್ತೆ ಒಂದೊಂದಾಗಿ ಹತ್ತಿದರೆ ಅದು ಹೆಚ್ಚಾಗಿ ಕರೆಂಟಿನ ದೋಷ. ಕಂಪ್ಯೂಟರ್ ಯುಪಿಎಸ್ ಮೇಲಿದ್ದು ರೂಟರ್ ಗೋಡೆಯ ಪ್ಲಗ್ಗಿನಲ್ಲಿದ್ದರೆ, ಕರೆಂಟ್ ಕಣ್ಣು ಮಿಟುಕಿಸಿದಷ್ಟು ಹೊತ್ತು ಹೋದರೂ ನೆಟ್ ಕೆಲವು ನಿಮಿಷ ಇರುವುದಿಲ್ಲ. ಕರೆಂಟ್ ಹೋಗದೆಯೂ ಹೀಗಾದರೆ ಬಹುತೇಕ ರೂಟರ್‌ನ ಕರೆಂಟ್ ಅಡಾಪ್ಟರ್ ಸೋತಿರುತ್ತದೆ. ಬರೀ ಅಡಾಪ್ಟರ್‌ಗೆ ಮಲ್ಟಿಮೀಟರ್ ಹಚ್ಚಿದರೆ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ, ಲೋಡ್ ಬಿದ್ದಾಗ ಕುಸಿಯುತ್ತದೆ. ಬದಲಿಗೆ ತರುವುದು ಅದೇ ವೋಲ್ಟ್, ಅಷ್ಟೇ ಅಥವಾ ಹೆಚ್ಚು ಆಂಪಿಯರ್, ಅದೇ ಧ್ರುವದ್ದಾಗಿರಲಿ (ಪಿನ್ನಿನ ಪ್ಲಸ್-ಮೈನಸ್ ಅದಲುಬದಲಾಗಬಾರದು).

ಫೈಬರ್ ಸಂಪರ್ಕದ ರೂಟರ್‌ನಲ್ಲಿ ಎಲ್‌ಒಎಸ್ (LOS, ಸಿಗ್ನಲ್ ಹೋಗಿದೆ ಎಂಬ ಸೂಚನೆ) ದೀಪ ಕೆಂಪಾದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ. ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸ ಹಾಕಿದರೆ ತೆರೆಯುವ ಪುಟದಲ್ಲಿ, ಒಳಬರುವ ಬೆಳಕಿನ ಅಳತೆ ಡಿಬಿಎಂನಲ್ಲಿ (dBm, ಬೆಳಕಿನ ಬಲ ಅಳೆಯುವ ಮಾನ) ಇರುತ್ತದೆ, ಸಂಖ್ಯೆಯ ಮುಂದೆ ಮೈನಸ್ ಇರುತ್ತದೆ: -18 ಚೆನ್ನಾಗಿದೆ, -27 ಅಂಚಿನಲ್ಲಿದೆ. 3 ಕಡಿಮೆಯಾದರೆ ಬೆಳಕು ಅರ್ಧ ಆದಂತೆ. ಒಣ ದಿನ ಒಮ್ಮೆ, ಮಳೆಯ ದಿನ ಒಮ್ಮೆ ಬರೆದಿಡಿ. ಮಳೆಗೆ ಇಳಿಯುತ್ತಿದ್ದರೆ ಹೊರಗಿನ ಜೋಡಣೆಗೆ ನೀರು ಹೋಗುತ್ತಿರಬಹುದು. ಮನೆಯೊಳಗೆ ನಿಮ್ಮ ಕೈಯಲ್ಲಿರುವುದು ಬಾಗು ಮಾತ್ರ. ಹಳದಿ ಕೇಬಲ್ಲನ್ನು ಮೊಳೆಗೆ ಸುತ್ತಬೇಡಿ, ಸುರುಳಿ ಚಹಾದ ಬಸಿಯಷ್ಟು ಅಗಲ ಇರಲಿ. ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬೇಡಿ, ಅದರ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಕಂಪನಿಗೆ ಫೋನ್ ಮಾಡುವಾಗ ‘ನೆಟ್ ಬರವಲ್ತು’ ಎಂದಷ್ಟೇ ಹೇಳಿದರೆ ಅವರು ರೂಟರ್ ಆಫ್-ಆನ್ ಮಾಡಿ ಎನ್ನುತ್ತಾರೆ. ‘ಸಂಜೆ 7.40ರಿಂದ 7.52ರವರೆಗೆ ಎಲ್‌ಒಎಸ್ ಕೆಂಪಿತ್ತು, ರೂಟರ್‌ಗೆ ಪಿಂಗ್ ಸರಿ ಇತ್ತು, ಈಗ ಬೆಳಕು -27.5 ಇದೆ, ಹೋದ ವಾರ -21 ಇತ್ತು’ ಎಂದು ಹೇಳಿ. ಆಗ ಬರುವವರು ಫೈಬರ್ ಜೋಡಿಸುವ ಯಂತ್ರ ತೆಗೆದುಕೊಂಡೇ ಬರುತ್ತಾರೆ.